ಗುರುವಪ್ಪನ ಎಲೆಗೆ ಬಡಿಸಿದ್ದು

ಕೂಳೂರಿನ ದೋಣಿಕಡವಿಗೆ ಹೋಗುವ ಮಣ್ಣುರಸ್ತೆಯ ಬದಿಯಲ್ಲಿ ದೇಯಿಯ ಮನೆ. ಸಾವಿರದ ಒಂಬೈನೂರ ನಲವತ್ತೆರಡನೇ ಇಸವಿಯ ಮೇ ತಿಂಗಳು. ಮಧ್ಯಾಹ್ನದ ಬಿಸಿಲಲ್ಲಿ ಅವಳು ಅಂಗಳದಲ್ಲಿ ಒಣಹಾಕಿದ ಭತ್ತ ಕೈಯಾಡಿಸುತ್ತಿದ್ದಾಗ ಬೇಲಿಯ ತಡಮೆಯ ಹತ್ತಿರ ಒಬ್ಬಳು ಹೆಂಗಸು ಬಂದು ನಿಂತಳು. ಮೈಯೆಲ್ಲ ಧೂಳು, ಕಾಲಿಗೆ ಹರಕು ಬಟ್ಟೆ ಸುತ್ತಿದ್ದಾಳೆ, ಕಂಕುಳಲ್ಲಿ ಒಂದು ಗಂಟು. ಅಗಲ ಮುಖ, ಸಣ್ಣ ಕಣ್ಣು. ಈ ಕಡೆಯವಳಲ್ಲ.

ಯಾರೋ ಹಸಿದವಳು ಎಂದುಕೊಂಡು ದೇಯಿ ಗಂಜಿ ತರಲು ಎದ್ದಳು. ಆಗ ಆ ಹೆಂಗಸು ಕರೆದಳು: "ಅಪ್ಪೆ."

ಮಕ್ಕಳು ತಾಯಿಯನ್ನು ಕರೆಯುವ ತುಳು ಮಾತು ಅದು. ದೇಯಿಯನ್ನು ಹಾಗೆ ಕರೆಯುವವನು ಲೋಕದಲ್ಲಿ ಒಬ್ಬನೇ ಇದ್ದ. ಅವನು ಹತ್ತೊಂಬತ್ತು ವರ್ಷದ ಹಿಂದೆ ರಂಗೂನಿಗೆ ಹೋದವನು.

"ನೀನು ಯಾರು?"

"ಕಿನ್ನಿ. ಗುರುವಪ್ಪನ ಹೆಂಡತಿ."

ದೇಯಿ ಅವಳ ಬೆನ್ನ ಹಿಂದಿನ ರಸ್ತೆ ನೋಡಿದಳು. ಖಾಲಿ ರಸ್ತೆ. "ಅವನೆಲ್ಲಿ? ಯಾವಾಗ ಬರ್ತಾನೆ?"

ಹೆಂಗಸು ತಲೆ ಅಲ್ಲಾಡಿಸಿ ಅಲ್ಲೇ ತಡಮೆಯ ಬುಡದಲ್ಲಿ ಕುಸಿದು ಕೂತಳು.

ಅವಳ ಹೆಸರು ನಿಜಕ್ಕೆ ಮ ಖಿನ್. ಗುರುವಪ್ಪನ ಬಾಯಲ್ಲಿ ಅದು ಕಿನ್ನಿ ಆಗಿತ್ತು. ಅವನು ರಂಗೂನಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಅವಳು ಆ ಗಿರಣಿಯ ಗೇಟಿನ ಎದುರು ಬುಟ್ಟಿಯಿಟ್ಟು ಊಟ ಮಾರುತ್ತಿದ್ದವಳು. ಹದಿನಾಲ್ಕು ವರ್ಷದ ಸಂಸಾರ, ಮಕ್ಕಳಾಗಲಿಲ್ಲ. ಜಪಾನಿನ ಬಾಂಬು ಬಿದ್ದ ಮೇಲೆ ಸಾವಿರಾರು ಜನರ ಜೊತೆ ಇವರೂ ಕಾಡು ಬೆಟ್ಟ ಹತ್ತಿ ನಡೆದರು. ದಾರಿಯಲ್ಲಿ ವಾಂತಿಭೇದಿ ಬಂತು. ಬೆಟ್ಟದ ಮೇಲೆ, ಒಂದು ತೊರೆಯ ಬದಿಯಲ್ಲಿ ಗುರುವಪ್ಪ ತೀರಿಕೊಂಡ. ಇವಳು ಉಳಿದವರ ಜೊತೆ ಚಿತ್ತಗಾಂಗ್ ಸೇರಿ, ಅಲ್ಲಿಂದ ಕಲ್ಕತ್ತ, ಮದ್ರಾಸು ಎಂದು ರೈಲು ಹತ್ತಿ ಇಳಿದು ಮಂಗಳೂರಿಗೆ ಬಂದಳು. ಇಷ್ಟನ್ನೂ ಮುರುಕು ತುಳುವಿನಲ್ಲಿ ತಡವರಿಸಿ ತಡವರಿಸಿ ಹೇಳಿದಳು.

"ಸ್ಟೇಷನಿನಿಂದ ಇಲ್ಲಿವರೆಗೆ ಯಾರು ದಾರಿ ತೋರಿಸಿದ್ದು?" ದೇಯಿ ಕೇಳಿದಳು. ಅವಳಿಗೆ ಇನ್ನೂ ನಂಬಿಕೆ ಹುಟ್ಟಿರಲಿಲ್ಲ.

"ಯಾರೂ ಇಲ್ಲ. ಅವರು ಹೇಳಿದ್ರು. ನಡೆಯುವಾಗ ದಿನಾ ಹೇಳ್ತಿದ್ರು. ರೈಲು ಇಳಿ, ಹಂಪನಕಟ್ಟೆ ದಾಟು, ಮಣ್ಣಗುಡ್ಡೆ, ಉರ್ವ, ಕೊಟ್ಟಾರ. ಆಮೇಲೆ ಗದ್ದೆ. ಹೊಳೆಯ ಗಾಳಿ ಮುಖಕ್ಕೆ ಬಂದ ಕೂಡಲೇ ಎಡಕ್ಕೆ ನೋಡು, ಹಂಚಿನ ಮನೆ. ಅಲ್ಲಿ ನನ್ನ ಅಪ್ಪೆ."

ಆಗ ದೇಯಿ ತಲೆಯ ಮೇಲೆ ಕೈ ಹೊತ್ತು ಕೂತಳು. ಮಗ ಸತ್ತದ್ದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯಿತು.

ಅತ್ತು ಅತ್ತು ಸಾಕಾದ ಮೇಲಿನ ದಿನಗಳಲ್ಲಿ ದೇಯಿಗೆ ಒಂದು ವಿಚಿತ್ರ ಹಸಿವು ಹುಟ್ಟಿತು. ಮಗನ ಹತ್ತೊಂಬತ್ತು ವರ್ಷ ಅವಳು ಕಾಣದ ಊರಲ್ಲಿ ಕಳೆದುಹೋಗಿತ್ತು. ಬಂದ ಕಾಗದಗಳೂ ನಾಲ್ಕೋ ಐದೋ. ಬರೆದದ್ದು ಒಂದೇ ಮಾತು, 'ಇಲ್ಲಿ ಊಟಕ್ಕೆ ತೊಂದರೆ ಇಲ್ಲ.' ಮದುವೆಯ ಸುದ್ದಿ ಬರೆದಿರಲಿಲ್ಲ; ಎಲ್ಲೋ ಹೋಟೆಲಿನಲ್ಲಿ ಉಣ್ಣುತ್ತಾನೆ ಎಂದೇ ದೇಯಿ ತಿಳಿದಿದ್ದಳು. ಈಗ ಆ ಊರನ್ನು ಕಂಡವಳು ಅಡಿಗೆಮನೆಯಲ್ಲಿ ಕೂತಿದ್ದಾಳೆ. ಸೊಪ್ಪು ಹೆಚ್ಚುತ್ತಾ, ಅಕ್ಕಿ ಕೇರುತ್ತಾ ದೇಯಿ ಕೇಳಿದ್ದೇ ಕೇಳಿದ್ದು.

"ನಿಮ್ಮ ಮನೆ ಹೇಗೆ ಉಂಟು?"

"ಮರದ ಕಾಲಿನ ಮೇಲೆ. ಬಿದಿರಿನ ಗೋಡೆ. ಮಳೆ ಬಂದರೆ ಹೊಳೆ ಮನೆಯ ಕೆಳಗೆ ಬರ್ತದೆ. ದೋಣಿ ಏಣಿಗೆ ಕಟ್ಟುವುದು."

"ಹೊಳೆ ನಮ್ಮದರಷ್ಟು ದೊಡ್ಡದಾ?"

ಕಿನ್ನಿ ಬಾಗಿಲಾಚೆ ಕಾಣುವ ಗುರುಪುರ ಹೊಳೆಯನ್ನು ನೋಡಿ ಸ್ವಲ್ಪ ಸಂಕೋಚಪಟ್ಟಳು. "ಅಲ್ಲಿ ಆಚೆ ದಡ ಕಾಣುವುದಿಲ್ಲ. ಗುಡ್ಡವೇ ಇಲ್ಲ. ಆಕಾಶದವರೆಗೆ ಗದ್ದೆ. ಇಲ್ಲಿ ಮಣ್ಣು ಕೆಂಪು, ಅಲ್ಲಿ ಕಪ್ಪು. ಅವರು ಮೊದಮೊದಲು, ಈ ಕೆಸರಲ್ಲಿ ಕಾಲಿಟ್ಟರೆ ಮನಸ್ಸೂ ಹೂತುಹೋಗ್ತದೆ ಅಂತಿದ್ರು."

"ಪಾಪ. ಮತ್ತೆ?"

"ಒಂದು ದಿನ ಬಂದರಿನಲ್ಲಿ ಒಡೆದ ಹಂಚು ಸಿಕ್ಕಿತು. ಮಗುಚಿ ನೋಡಿದ್ರು, ಮಂಗಳೂರು ಅಂತ ಅಕ್ಷರ. ಎದೆಗೆ ಒತ್ತಿಕೊಂಡು ಮನೆಗೆ ತಂದ್ರು. ನಮ್ಮ ಮನೆಗೆ ಹುಲ್ಲಿನ ಮಾಡು, ಹಂಚು ಎಲ್ಲಿಡುವುದು? ನೀರಿನ ಮಡಕೆಗೆ ಮುಚ್ಚಿದ್ರು."

ದೇಯಿಗೆ ನಗು ಬರುವುದರೊಳಗೆ ಕಣ್ಣು ತುಂಬಿತು. ಬಿದಿರಿನ ಗೋಡೆಗೊರಗಿ, ಕಾಲಡಿಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಾ ಕೂತ ಮಗ ಅವಳ ಕಣ್ಣಿಗೆ ಕಟ್ಟಿದ. ಇಷ್ಟು ವರ್ಷ ಅವನನ್ನು ನೆನೆಸಿದಾಗಲೆಲ್ಲ ಸುತ್ತ ಬರೀ ಕತ್ತಲೆ ಇರುತ್ತಿತ್ತು.

ಆದರೆ ಒಂದು ಪ್ರಶ್ನೆಗೆ ಮಾತ್ರ ಕಿನ್ನಿ ಬಾಯಿ ಬಿಡುತ್ತಿರಲಿಲ್ಲ. "ಕೊನೆಗೆ ಅವನು ಎಂತ ಉಂಡದ್ದು?" ಎಂದು ದೇಯಿ ಎಷ್ಟು ಸಲ ಕೇಳಿದರೂ ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋಗಿಬಿಡುತ್ತಿದ್ದಳು.

ದೇಯಿಯ ತಮ್ಮ ಲೋಕಯ್ಯ ಮನೆಯ ಯಜಮಾನ. ಗದ್ದೆ ಕೆಲಸಕ್ಕೆಂದು ಬಜಪೆಯ ಕಡೆ ಇದ್ದವನು ಸುದ್ದಿ ತಿಳಿದು ಬಂದ. ಸೋದರಳಿಯನಿಗಾಗಿ ಅತ್ತ. ಹೆಣವಿಲ್ಲದಿದ್ದರೂ ಬೊಜ್ಜದ ಉತ್ತರಕ್ರಿಯೆ ಆಗಲೇಬೇಕು, ಇಲ್ಲದಿದ್ದರೆ ಸತ್ತವನು ಆ ಕಾಡಲ್ಲೇ ಅಲೆಯುತ್ತಾನೆ ಎಂದು ಜಾತಿಯ ಮುಖ್ಯಸ್ಥ ಗುರಿಕಾರನನ್ನು ಕೇಳಿ ದಿನ ಗೊತ್ತುಮಾಡಿದ. ಆಮೇಲೆ ಅಕ್ಕನನ್ನು ತೆಂಗಿನ ಬುಡಕ್ಕೆ ಕರೆದು ದನಿ ತಗ್ಗಿಸಿದ.

"ಅಕ್ಕ, ಬೊಜ್ಜ ಮುಗಿದ ಮೇಲೆ ಇವಳನ್ನು ಎಂತ ಮಾಡುವುದು? ನಮ್ಮದು ಅಳಿಯಕಟ್ಟು. ಮನೆ, ಗದ್ದೆ ಎಲ್ಲ ಹೆಣ್ಣುಮಕ್ಕಳ ಸಂತಾನಕ್ಕೆ. ಗಂಡ ಸತ್ತ ಹೆಂಗಸು ಅವಳ ತಾಯಿಮನೆಗೆ ಹೋಗುವುದು ಕಟ್ಟಳೆ."

"ಅವಳ ತಾಯಿಮನೆ ಎಲ್ಲಿ ಉಂಟು ಮಾರಾಯ?"

"ಅದೇ ನಾನೂ ಹೇಳುವುದು. ಪೇಟೆಯಲ್ಲಿ ಸಿಸ್ಟರುಗಳ ಆಶ್ರಮ ಉಂಟು. ಗತಿಯಿಲ್ಲದ ಹೆಂಗಸರನ್ನು ಚೆನ್ನಾಗಿ ನೋಡಿಕೊಳ್ತಾರೆ. ನಾನು ಕೆಟ್ಟದಕ್ಕೆ ಹೇಳುವುದಲ್ಲ. ನಾಳೆ ನಾಲ್ಕು ಜನ ನಾಲ್ಕು ಮಾತು ಆಡುವಾಗ ಉತ್ತರ ಕೊಡಬೇಕಾದವನು ನಾನು."

ತಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ; ದೇಯಿಯೂ ಗಂಡ ತೀರಿದಾಗ ಹಾಗೆಯೇ ಈ ತಾಯಿಮನೆಗೆ ಬಂದವಳು.

ಬೊಜ್ಜದ ದಿನ ಬೆಳಿಗ್ಗೆ ದೇಯಿ ಅಕ್ಕಿ ರುಬ್ಬಿ ಬೇಯಿಸಿ ಸೇಮಿಗೆ ಒತ್ತಲು ಕೂತಳು. ಬಿಸಿ ಹಿಟ್ಟಿನಿಂದ ಎಳೆಎಳೆಯಾಗಿ ಇಳಿಯುವ ಸೇಮಿಗೆ ಎಂದರೆ ಗುರುವಪ್ಪನಿಗೆ ಪ್ರಾಣ. ಸೇಮಿಗೆ ಮಣೆಯ ಹಿಡಿ ಒತ್ತಲು ಕಿನ್ನಿ ಕೈ ಕೊಟ್ಟಳು. ಒತ್ತುತ್ತಾ ಒತ್ತುತ್ತಾ ದೇಯಿ ಕೇಳಿದಳು: "ಇವತ್ತಾದರೂ ಹೇಳು ಮಗಾ. ಸತ್ತವನ ಎಲೆಗೆ ಅವನಿಗೆ ಬೇಕಾದದ್ದು ಬಡಿಸಬೇಕು. ಕೊನೆಗೆ ಅವನು ಉಂಡದ್ದು ಎಂತ?"

ಕಿನ್ನಿಯ ಕೈ ನಿಂತಿತು.

"ಉಣ್ಣಲಿಲ್ಲ," ಎಂದಳು. "ಅಕ್ಕಿ ಒಂದು ಹಿಡಿ ಉಳಿದಿತ್ತು. ಡಬ್ಬದಲ್ಲಿ ಬೇಯಿಸಿದೆ. ಅವರು ನನಗೆ ಕೊಟ್ರು. ನೀನು ಉಣ್ಣು, ಅಲ್ಲಿ ನನ್ನ ಅಪ್ಪೆ ಸೇಮಿಗೆ ಒತ್ತಿ ಇಟ್ಟಿದ್ದಾಳೆ, ನಾನು ಮನೆಗೆ ಹೋಗಿ ಉಣ್ತೇನೆ ಅಂದ್ರು. ನನಗೆ ಹಸಿವು. ನಾನು ಉಂಡೆ. ಎಲ್ಲ ಉಂಡೆ, ಅಪ್ಪೆ. ಮರುದಿನ ಅವರಿಗೆ ರೋಗ ಬಂತು. ನೀರು ಮಾತ್ರ ಕುಡಿದ್ರು. ಸಂಜೆಯೊಳಗೆ..." ಅವಳು ಮಾತು ನಿಲ್ಲಿಸಿ ಹಣೆಯನ್ನು ಮಣೆಯ ಮರಕ್ಕೆ ಒತ್ತಿ ಹಿಡಿದಳು.

ಒಲೆಯ ಬೆಂಕಿ ಚಟಚಟ ಎನ್ನುತ್ತಿತ್ತು. ದೇಯಿಯ ಎದೆಯಲ್ಲಿ ಮೊದಲು ಎದ್ದದ್ದು ಸಿಟ್ಟೇ. ನನ್ನ ಮಗನ ಅನ್ನ ಉಂಡವಳು! ಮರುಗಳಿಗೆಯಲ್ಲೇ ಆ ಹಿಡಿ ಅನ್ನವನ್ನು ಮುಂದೆ ನೂಕಿದ ಕೈ ಅವಳಿಗೆ ಕಂಡಿತು. ಸಣ್ಣವನಿದ್ದಾಗಲೂ ಅವನು ಹಾಗೆಯೇ. ಅಮ್ಮನ ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ತನಗೆ ಹೊಟ್ಟೆ ತುಂಬಿತು ಎಂದು ಸುಳ್ಳು ಹೇಳುತ್ತಿದ್ದ.

ದೇಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಗಿರಣಿಯ ಎದುರು ಮಾರುತ್ತಿದ್ದದ್ದು ಎಂತ?"

"ಮೀನಿನ ಸಾರು. ಅದಕ್ಕೆ ಸೇಮಿಗೆ. ಅಲ್ಲಿಯೂ ಸೇಮಿಗೆ ಉಂಟು, ಅಪ್ಪೆ. ಅದಕ್ಕೇ ಅವರು ಮೊದಲ ದಿನ ನನ್ನ ಬುಟ್ಟಿಯ ಹತ್ತಿರ ನಿಂತದ್ದು."

"ಹಾಗಾದರೆ ಅದನ್ನು ಮಾಡು."

ಕಿನ್ನಿ ಮುಗುಡು ಮೀನು ಬೇಯಿಸಿ ಮುಳ್ಳು ತೆಗೆದು ಅರೆದಳು. ಬಾಳೆದಿಂಡು ತೆಳ್ಳಗೆ ಹೆಚ್ಚಿ ಹಾಕಿದಳು. ಹಿತ್ತಲಿನ ನಿಂಬೆ ಪರಿಮಳದ ಮಜ್ಜಿಗೆಹುಲ್ಲು ಜಜ್ಜಿ ಹಾಕಿದಳು, ಅಕ್ಕಿ ಹುರಿದು ಪುಡಿಮಾಡಿ ಕದಡಿದಳು. ತೆಂಗಿನಕಾಯಿ ಇಲ್ಲ, ಹುಣಸೆ ಇಲ್ಲ. ಎಲ್ಲ ಈ ಹಿತ್ತಲಿನದೇ, ಈ ಹೊಳೆಯದೇ, ಆದರೂ ಒಲೆಯಿಂದ ಎದ್ದ ಪರಿಮಳ ಆ ಮನೆ ಎಂದೂ ಕಾಣದ್ದು.

ಎಲೆಗೆ ಬಡಿಸುವ ಹೊತ್ತಿಗೆ ಲೋಕಯ್ಯ ಮೂಗು ಸಿಂಡರಿಸಿದ. "ಇದೆಂತ ಅಕ್ಕ? ಬೊಜ್ಜದ ಎಲೆಗೆ ಪರದೇಶದ ಅಡಿಗೆಯಾ?"

"ಹದಿನಾಲ್ಕು ವರ್ಷ ನನ್ನ ಮಗನ ಹೊಟ್ಟೆ ತುಂಬಿಸಿದ ಅಡಿಗೆ ಅದು. ನಾನು ಬಡಿಸಿದ ವರ್ಷಕ್ಕಿಂತ ಸ್ವಲ್ಪವೇ ಕಡಿಮೆ." ದೇಯಿ ತಾನೊತ್ತಿದ ಸೇಮಿಗೆಯನ್ನು ಎಲೆಯ ನಡುವೆ ಇಟ್ಟು, ಕಿನ್ನಿಯ ಕಡೆ ತಿರುಗಿದಳು. "ಹೊಯ್ಯಿ."

ಕಿನ್ನಿ ಸಾರು ಹೊಯ್ದಳು. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಸತ್ತವನು ಉಣ್ಣುವಷ್ಟು ಹೊತ್ತು ಚಾವಡಿಯಲ್ಲಿ ಮಾತಿಲ್ಲದೆ ಕೂತರು. ಲೋಕಯ್ಯನ ಕಣ್ಣೂ ಒದ್ದೆಯಾಗಿತ್ತು.

ಊಟವಾಗಿ ಗುರಿಕಾರ ವೀಳ್ಯ ಹಾಕಿಕೊಳ್ಳುವಾಗ ಲೋಕಯ್ಯ ಆಶ್ರಮದ ಮಾತು ತೆಗೆದ. ದೇಯಿ ಬಾಗಿಲ ಮರೆಯಿಂದ ಈಚೆ ಬಂದು ನಿಂತಳು.

"ಮಗನ ಹೆಂಡತಿಗೆ ಈ ಮನೆಯಲ್ಲಿ ಹಕ್ಕಿಲ್ಲ. ಒಪ್ಪಿದೆ. ಮಗಳಿಗೆ ಉಂಟಲ್ಲ?"

"ನಿನಗೆ ಮಗಳೆಲ್ಲಿ ಅಕ್ಕ?"

"ನನ್ನ ಮಗ ತನ್ನ ಪಾಲಿನ ಅನ್ನ ಕೊಟ್ಟು ಉಳಿಸಿ ಕಳಿಸಿದ ಜೀವ ಇದು. ಇದನ್ನು ಬೇರೆಯವರ ಬಾಗಿಲಿಗೆ ಬಿಟ್ಟರೆ ನಾಳೆ ಅವನಿಗೆ ಎಂತ ಹೇಳಲಿ? ನಾಲ್ಕು ಜನರ ಎದುರಿಗೆ ಹೇಳ್ತೇನೆ. ಇವಳು ನನ್ನ ಮಗಳು. ಇದೇ ಅವಳ ತಾಯಿಮನೆ."

ಲೋಕಯ್ಯ ಗುರಿಕಾರನ ಮುಖ ನೋಡಿದ. ಮುದುಕ ಅಂಗಳದ ಬದಿಗೆ ಹೋಗಿ ವೀಳ್ಯ ಉಗಿದು ಬಂದ. "ತಾಯಿಯ ಮಾತಿನ ಮೇಲೆಯೇ ನಿಂತ ಕಟ್ಟು ನಮ್ಮದು," ಎಂದ ಕೊನೆಗೆ. "ಅವಳೇ ಹೇಳಿದ ಮೇಲೆ ನಾವು ಎಂತ ಹೇಳುವುದು, ಲೋಕಯ್ಯ?"

ಹತ್ತು ದಿನದಲ್ಲಿ ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಏರತೊಡಗಿದ್ದನ್ನು ಕಂಡು ಕಿನ್ನಿ ಅಕ್ಕಿಮುಡಿ, ಉಪ್ಪಿನ ಮಡಕೆ, ಬಟ್ಟೆ ಎಲ್ಲ ಎತ್ತಿ ಎತ್ತಿ ಅಟ್ಟಕ್ಕೆ ಸೇರಿಸತೊಡಗಿದಳು.

"ಬೇಡ ಮಗಾ," ದೇಯಿ ಅವಳ ಕೈ ಹಿಡಿದಳು. "ಇಲ್ಲಿ ನೆಲ ಎತ್ತರ ಉಂಟು. ನೀರು ಒಳಗೆ ಬರುವುದಿಲ್ಲ."

"ನಮ್ಮಲ್ಲಿ ಮೊದಲ ಮಳೆಗೆ ಎಲ್ಲ ಮೇಲೆ ಇಡಬೇಕು. ನನ್ನ ಅಮ್ಮನಿಗೆ ಸೊಂಟ ನೋವು. ನಾನೇ ಹೋಗಿ ಇಡ್ತಿದ್ದೆ."

ದೇಯಿ ಹಿಡಿದ ಕೈ ಬಿಡಲಿಲ್ಲ. ಇಷ್ಟು ದಿನ ಆ ಊರಿನ ಬಗ್ಗೆ ನೂರು ಪ್ರಶ್ನೆ ಕೇಳಿದ್ದಳು, ಎಲ್ಲವೂ ತನ್ನ ಮಗನಿಗಾಗಿ. ಅಲ್ಲಿಯೂ ಒಬ್ಬಳು ಮುದುಕಿ ಏಣಿಯ ತುದಿಯಲ್ಲಿ ಕೂತು ನೀರು ಏರುವುದನ್ನು ನೋಡುತ್ತಿರಬಹುದು, ಮಗಳು ಬದುಕಿದ್ದಾಳೋ ಸತ್ತಳೋ ಅವಳಿಗೆ ಹೇಳುವವರಿಲ್ಲ ಎಂಬುದು ಅವಳ ಮನಸ್ಸಿಗೆ ಬಂದಿರಲೇ ಇಲ್ಲ.

"ಬದುಕಿದ್ದಾಳಾ?"

"ಗೊತ್ತಿಲ್ಲ, ಅಪ್ಪೆ."

"ಅವಳ ಹೆಸರು ಎಂತ?"

ಕಿನ್ನಿ ಹೇಳಿದಳು. "ದೋ ನ್ಯುನ್."

ದೇಯಿಯ ನಾಲಗೆಗೆ ಅದು ಹೊಂದಲಿಲ್ಲ. ಇನ್ನೊಮ್ಮೆ ಹೇಳಿಸಿದಳು, ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು, ಮಳೆಯ ಆಚೆಗೆ ನೋಡುತ್ತಾ, ಸರಿಯಾಗಿ ಬರುವವರೆಗೂ ಆ ಹೆಸರನ್ನು ಒಬ್ಬಳೇ ಹೇಳಿಕೊಂಡಳು.