ಬರಿಗೊರಳು

ಹೃದಯದ ಒಂದು ಕವಾಟ ಬಿಗಿದುಕೊಂಡಿದೆ, ಎದೆ ತೆರೆದು ಅದನ್ನು ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ ದಿನ ಜಪಮಾಲಾ ಗಂಡನನ್ನು ಕೇಳಿದ್ದು ಆಪರೇಷನ್ನಿನ ಬಗ್ಗೆ ಅಲ್ಲ. ಚಾಮರಾಜಪೇಟೆಯ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಉಸಿರು ಸುಧಾರಿಸಿಕೊಂಡ ಮೇಲೆ, "ನಾನು ಹೋದ್ಮೇಲೆ ನೀವು ಎಲ್ಲಿಗೆ ಬರ್ತೀರಿ?" ಎಂದು ಕೇಳಿದಳು.

ವಿಶ್ವಾರಾಧ್ಯ ಅದನ್ನು ಆಸ್ಪತ್ರೆಯ ಮಾತೆಂದುಕೊಂಡು, ಬಾಗಿಲಲ್ಲೇ ಕೂತಿರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ ಎಂದ. ಅವಳು ತಲೆಯಾಡಿಸಿದಳು. ಅವಳು ಕೇಳಿದ್ದು ಸಾವಿನಾಚೆಯ ಮಾತು.

ಜಪಮಾಲಾ ಬಿನ್ನಿಪೇಟೆಯ ಮಿಲ್ ಕಾರ್ಮಿಕರೊಬ್ಬರ ಮಗಳು, ಹುಟ್ಟಾ ಕ್ರೈಸ್ತಳು. ವಿಶ್ವಾರಾಧ್ಯನದು ಪೇಟೆಯಲ್ಲಿ ತಲೆಮಾರುಗಳಿಂದ ಗ್ರಂಥಿಗೆ ಅಂಗಡಿ ನಡೆಸಿದ ಲಿಂಗವಂತರ ಮನೆ; ವಿಭೂತಿ, ಕರ್ಪೂರ, ನಾರುಬೇರುಗಳ ವಾಸನೆಯಲ್ಲೇ ಬೆಳೆದವನು. ಟೈಪಿಂಗ್ ಕ್ಲಾಸಿನಲ್ಲಿ ಪರಿಚಯವಾಗಿ, ಎರಡೂ ಮನೆಯವರು ಮುಖ ತಿರುಗಿಸಿದ ಮೇಲೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದರು. ಒಬ್ಬರ ದೇವರ ತಂಟೆಗೆ ಇನ್ನೊಬ್ಬರು ಹೋಗಬಾರದು ಅನ್ನುವುದು ಅವತ್ತೇ ಆದ ಒಪ್ಪಂದ. ಅವನು ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು, ಎಡಗೈ ಮೇಲಿಟ್ಟು ಪೂಜೆ ಮಾಡದೆ ಹನಿ ನೀರು ಕುಡಿದವನಲ್ಲ. ಅವಳು ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ತಪ್ಪಿಸಿದವಳಲ್ಲ. ಮಗಳು ಶಿವರಂಜಿನಿ ಇಬ್ಬರ ಹಬ್ಬಕ್ಕೂ ಹೊಸ ಬಟ್ಟೆ ಹಾಕಿಕೊಂಡು ಬೆಳೆದಳು.

ಹಾಗಿದ್ದ ಮನೆಯೊಳಗೆ ಹೆದರಿಕೆ ಬಂದದ್ದು ಹರಿಣಾಕ್ಷಿಯ ಮೂಲಕ. ಟೆಲಿಫೋನ್ ಆಫೀಸಿನಲ್ಲಿ ಜಪಮಾಲಾಳ ಜೊತೆ ಕೆಲಸ ಮಾಡಿದವಳು, ಈಗ ಹನುಮಂತನಗರದ ಪ್ರಾರ್ಥನಾ ಕೂಟವೊಂದಕ್ಕೆ ಸೇರಿದ್ದಳು. ಆಪರೇಷನ್ನಿನ ಮಾತು ಬರುವ ಮುಂಚೆಯೇ ಕಾಯಿಲೆಯ ಸುದ್ದಿ ಕೇಳಿ ಹಣ್ಣು ತಂದಳು, ಕೈ ಹಿಡಿದು ಪ್ರಾರ್ಥಿಸಿದಳು, ನಿಜವಾಗಿ ಅತ್ತಳು. ಹೊರಡುವಾಗ ಮಾತ್ರ, "ಅಕ್ಕಾ, ಅವ್ರು ಎಷ್ಟು ಒಳ್ಳೇವ್ರು ಅಂತ ನಂಗೊತ್ತು. ಆದ್ರೆ ಬರೀ ಒಳ್ಳೇತನ ನೋಡಿ ಸ್ವರ್ಗದೊಳಗೆ ಬಿಡಲ್ಲ. ಟೈಮ್ ಇರುವಾಗ್ಲೇ ಕ್ರಿಸ್ತನನ್ನ ನಂಬೋಕೆ ಹೇಳ್ಬಿಡಿ," ಎಂದು ಹೋಗಿದ್ದಳು. ಕೇಡು ಬಯಸಿ ಹೇಳಿದ ಮಾತಲ್ಲ ಅನ್ನುವುದೇ ಜಪಮಾಲಾಳನ್ನು ಹೆಚ್ಚು ಕಾಡಿತು.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಗಂಡ ಎದುರಿಗೆ ಕೂತು ಪೇಪರ್ ಓದುತ್ತಿದ್ದರೆ ದಿಟ್ಟಿಸಿ ನೋಡುವಳು, ಅವನು ತಲೆಯೆತ್ತಿದರೆ ಬೇರೆ ಕಡೆ ತಿರುಗುವಳು. ಸಾವು ಅವಳನ್ನು ಅಷ್ಟು ಹೆದರಿಸಿರಲಿಲ್ಲ. ಆ ಕಡೆ ಎಚ್ಚರವಾದಾಗ ಇವನಿಲ್ಲದ ಸುಖವೊಂದರಲ್ಲಿ ಕೂತಿರಬೇಕಾದೀತು, ಕೊನೆಗೆ ಇವನ ನೆನಪೂ ಅಳಿಸಿಹೋದೀತು ಎಂದು ನೆನೆದು ರಾತ್ರಿ ಎದ್ದು ಕೂರುತ್ತಿದ್ದಳು.

ಅವಳ ಸಂಕಟ ಏನೆಂದು ಅರ್ಥವಾದ ಮೇಲೆ ವಿಶ್ವಾರಾಧ್ಯ ಅವಳಿಗೆ ಹೇಳದೆ ಚರ್ಚಿನ ಫಾದರ್ ಇನ್ನಾಸಪ್ಪನವರನ್ನು ನೋಡಲು ಹೋದ. ಜ್ಞಾನಸ್ನಾನ ಪಡೆದು ಕ್ರೈಸ್ತನಾಗಲು ಏನು ಮಾಡಬೇಕು ಎಂದು ಕೇಳಿದ. ಫಾದರ್ ಅವನಿಗೆ ನೀರು ಕೊಟ್ಟು, ಯಾಕೆ ಬೇಕು ಎಂದು ವಿಚಾರಿಸಿದರು. ಅವಳಿರುವಲ್ಲಿಗೆ ತಾನೂ ಹೋಗಬೇಕು, ಅಷ್ಟೇ ಎಂದ. ಕ್ರಿಸ್ತನನ್ನು ನಂಬುತ್ತೀರಾ ಎಂಬ ಪ್ರಶ್ನೆಗೆ, ಒಳ್ಳೆಯವರೆಂದು ನಂಬುತ್ತೇನೆ, ಆದರೆ ಬೆಳಿಗ್ಗೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಶಿವನೇ ಎಂದ. ಹಾಗಿದ್ದರೆ ಕೊಡುವುದು ಸರಿಯಲ್ಲ ಎಂದರು ಫಾದರ್. ಆದರೆ ಮರುದಿನ ತಾವೇ ಮನೆಗೆ ಬಂದು ಜಪಮಾಲಾಳಿಗೆ ಸಮಾಧಾನ ಹೇಳಿದರು. ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವನು, ಮನಸ್ಸಾಕ್ಷಿಗೆ ಸರಿಯಾಗಿ ನಡೆದು ದೇವರನ್ನು ಹುಡುಕಿದರೆ ಅವನೂ ಸ್ವರ್ಗ ಸೇರಬಹುದು. ಧರ್ಮಸಭೆಯೇ ಹಾಗೆ ಕಲಿಸುತ್ತದೆ ಎಂದರು.

ಅವರು ಹೋದ ಮೇಲೆ ಅವಳು ಗಂಡನಿಗೆ ಹೇಳಿದಳು: "ಸೇರಬಹುದು ಅಂದ್ರು. ಸೇರ್ತಾರೆ ಅನ್ಲಿಲ್ಲ. ಅದೂ ಅರಿಯದವ್ರಿಗೆ ಅಂದ್ರು. ಇಷ್ಟು ವರ್ಷ ನನ್ನ ಜೊತೆ ಬಾಳಿ, ನಿಮಗೆ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?"



ಆಪರೇಷನ್ನಿನ ಬೆಳಿಗ್ಗೆ ಅವಳ ರಕ್ತದೊತ್ತಡ ಏರಿತು. ಔಷಧಿ ಕೊಟ್ಟರೂ ಇಳಿಯಲಿಲ್ಲ. ಹೀಗೇ ಇದ್ದರೆ ಮುಂದೆ ಹಾಕಬೇಕಾಗುತ್ತದೆ, ಮುಂದೆ ಹಾಕುವುದೂ ಅಪಾಯವೇ ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು. ಶಿವರಂಜಿನಿ ಗೋಡೆಗೊರಗಿ ಅಳತೊಡಗಿದಳು. ವಿಶ್ವಾರಾಧ್ಯ ಕಾರಿಡಾರಿನ ತುದಿಗೆ ಹೋದ. ಅಲ್ಲಿ ನಿಂತು, ಬುದ್ಧಿ ಬಂದಾಗಿನಿಂದ ಕೊರಳಿಂದಿಳಿಸದ ಕರಡಿಗೆಯನ್ನು ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಒಳಗೆ ಬಂದು ಹೆಂಡತಿಯ ಕಿವಿಯ ಬಳಿ ಬಾಗಿದ.

"ನಿನ್ನೆ ಸಾಯಂಕಾಲ ಜ್ಞಾನಸ್ನಾನ ತಗೊಂಡೆ. ನಿಂಗೆ ಆಮೇಲೆ ಹೇಳೋಣ ಅಂತಿದ್ದೆ."

ಅವಳು ಅವನ ಮುಖ ನೋಡಿದಳು. ಕೈ ಎತ್ತಿ ಅಂಗಿಯ ಕಾಲರಿನೊಳಗೆ ಬೆರಳು ಹಾಕಿ ತಡಕಿದಳು. ಕೊರಳು ಬರಿದಾಗಿತ್ತು. ಕಣ್ಣು ಮುಚ್ಚಿಕೊಂಡಳು; ಸ್ವಲ್ಪ ಹೊತ್ತಿಗೆ ಅವಳ ಉಸಿರು ನಿಧಾನವಾಯಿತು. ಅವಳನ್ನು ಒಳಗೆ ಕರೆದುಕೊಂಡು ಹೋದರು.

ಜಪಮಾಲಾ ಉಳಿದಳು. ಮನೆಗೆ ಬಂದಾಗ ಅವಳ ಮುಖದಲ್ಲಿ ಅವನು ಎಷ್ಟೋ ವರ್ಷಗಳಿಂದ ಕಾಣದ ಕಳೆಯಿತ್ತು. ವಿಶ್ವಾರಾಧ್ಯನ ನೆಮ್ಮದಿ ಹೋದದ್ದು ಅಂದಿನಿಂದ.

ಅವಳು ದಿನಾ ಬೆಳಿಗ್ಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಪಸರದ ಪ್ರಾರ್ಥನೆ ಹೇಳುತ್ತಿದ್ದಳು. ಅವನು ತುಟಿ ಆಡಿಸುತ್ತಿದ್ದ. ಲಿಂಗಪೂಜೆಗೆ ಅವನು ಅವಳೇಳುವ ಮೊದಲೇ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಹಿಂದೆ ಕಳ್ಳನ ಹಾಗೆ ಕೂರುತ್ತಿದ್ದ. ವಿಭೂತಿ ಧರಿಸಿದರೆ ಒರೆಸಿಕೊಂಡೇ ಇಳಿಯಬೇಕು. ಯಾವ ಬಾಗಿಲು ಸದ್ದಾದರೂ ಲಿಂಗವನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದ. ನೋಡಲು ಬಂದ ಅಕ್ಕ ಗಿರಿಜಾಂಬಾ ತಮ್ಮನ ಬರಿಗೊರಳು ಕಂಡು ಏನೂ ಕೇಳದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಕ್ಕನಿಗೆ ನಿಜ ಹೇಳಿದರೆ ಅದು ಜಪಮಾಲಾಳ ಕಿವಿಗೆ ಬೀಳುತ್ತದೆ. ಅವನು ಅಕ್ಕನನ್ನು ಅಳಲು ಬಿಟ್ಟ.

ಮುಂದಿನ ಭಾನುವಾರ ಕೃತಜ್ಞತೆಯ ಪೂಜೆಗೆ ಹೋಗಬೇಕು, ಗಂಡನೂ ತನ್ನ ಜೊತೆ ಪರಮಪ್ರಸಾದ ಸ್ವೀಕರಿಸಬೇಕು ಎಂದು ಜಪಮಾಲಾ ಹೇಳಿದಳು. ಜ್ಞಾನಸ್ನಾನವಾಗದವರು ಅದನ್ನು ಸ್ವೀಕರಿಸುವಂತಿಲ್ಲ; ಅವನು ಮತ್ತೆ ಫಾದರ್ ಬಳಿಗೆ ಓಡಿದ. ಎಲ್ಲ ಕೇಳಿ ಅವರ ಮುಖ ಬಿಗಿಯಿತು. ನಾನಾಗಿ ಹೋಗಿ ಹೇಳುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳೂ ಹೇಳುವುದಿಲ್ಲ ಎಂದರು. ಅದಕ್ಕೆ ಮೊದಲು ನೀವೇ ಹೇಳಿಬಿಡಿ ಎಂದರು. ಅವನು ಹೂಂ ಅಂದು ಬಂದ. ದಿನವೂ ಹೇಳಬೇಕೆಂದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಎದೆಯ ಮೇಲಿನ ಹೊಲಿಗೆ ಕಂಡು ಎದ್ದು ಬರುತ್ತಿದ್ದ. ಹೇಳಿದ ಕೂಡಲೇ ಆ ಎದೆಗೆ ಏನಾದರೂ ಆದರೆ?

ಶನಿವಾರ ಅವಳಿಗೆ ಬೇಗ ಎಚ್ಚರವಾಯಿತು. ಪಕ್ಕದಲ್ಲಿ ಗಂಡನಿಲ್ಲ. ಅಡುಗೆಮನೆಯಲ್ಲೂ ಇಲ್ಲ. ಟೆರೇಸಿನ ಬಾಗಿಲು ತೆರೆದಿತ್ತು. ಮೆಟ್ಟಿಲು ಹತ್ತಬಹುದು, ಆದರೆ ನಿಧಾನ ಎಂದಿದ್ದರು ಡಾಕ್ಟರು. ಕಂಬಿ ಹಿಡಿದು, ನಿಂತು ನಿಂತು ಹತ್ತಿದಳು.

ಟ್ಯಾಂಕಿನ ಹಿಂದೆ ಅವನು ಗೋಣಿತಾಟಿನ ಮೇಲೆ ಕೂತಿದ್ದ. ಹಣೆಯಲ್ಲಿ ವಿಭೂತಿ. ಎಡಗೈಯ ಮೇಲೆ ಲಿಂಗ. ಕಣ್ಣು ಅದರಲ್ಲೇ ನೆಟ್ಟಿತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ತನ್ನ ಪಕ್ಕದಲ್ಲಿ ತುಟಿಯಾಡಿಸುತ್ತಿದ್ದವನು ಬೆದರಿದ ಮುದುಕ. ಇಲ್ಲಿ ಕೂತಿದ್ದವನು, ಅವಳು ಟೈಪಿಂಗ್ ಕ್ಲಾಸಿನಲ್ಲಿ ಮೆಚ್ಚಿದವನು. ಅದು ತಿಳಿದ ಗಳಿಗೆಯಲ್ಲೇ ಹಳೆಯ ಹೆದರಿಕೆಯೂ ಮರಳಿ ಬಂತು.

ಅವನು ತಲೆಯೆತ್ತಿದ. ಮುಚ್ಚಿಡಲು ಹೋಗಲಿಲ್ಲ. "ಯಾಕೆ ಹತ್ತಿದೆ? ಕೂತ್ಕೋ ಮೊದ್ಲು," ಎಂದ.

ಅವಳು ಕೂರಲಿಲ್ಲ. "ತಗೊಂಡಿಲ್ಲ ಅಲ್ವಾ ನೀವು?"

"ಇಲ್ಲ."

"ಫಾದರ್‌ಗೆ ಗೊತ್ತಾ?"

"ಗೊತ್ತು. ಹೇಳ್ಬಿಡಿ ಅಂದ್ರು. ನನ್ನ ಕೈಲಿ ಆಗ್ಲಿಲ್ಲ."

ಅವಳು ಗಟ್ಟಿಯಾಗಿ ಮಾತಾಡಲಿಲ್ಲ, ಮಾತಾಡಲು ಉಸಿರೂ ಇರಲಿಲ್ಲ. ದಿನಾ ತನ್ನ ಪಕ್ಕದಲ್ಲಿ ಕೂತು ತಾಯಿ ಮರಿಯಳ ಹೆಸರು ಹೇಳುತ್ತಿದ್ದಿರಲ್ಲ, ಅದೂ ನಾಟಕವೇ ಎಂದು ಕೇಳಿದಳು. ತಾನು ಆ ದಿನ ಸತ್ತಿದ್ದರೆ ಒಂದು ಸುಳ್ಳನ್ನು ಎದೆಗವಚಿಕೊಂಡು ದೇವರ ಮುಂದೆ ನಿಲ್ಲುತ್ತಿದ್ದೆ ಎಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ನೀನು ಉಳೀಬೇಕಿತ್ತು," ಎಂದ. "ಆ ಹೊತ್ತಿಗೆ ನಂಗೆ ಸ್ವರ್ಗ, ಕೈಲಾಸ ಏನೂ ಬೇಕಿರಲಿಲ್ಲ. ಶಿವ ಕೈಬಿಟ್ರೂ ಬಿಡ್ಲಿ ಅಂತ ತೆಗೆದು ಜೇಬಿಗೆ ಹಾಕ್ದೆ."

ಅವಳು ಇಳಿದುಹೋದಳು. ಅಂದು ಇಡೀ ದಿನ ಅವನೊಡನೆ ಮಾತಾಡಲಿಲ್ಲ. ಮಾತ್ರೆ ಕೊಟ್ಟರೆ ಕೈ ಚಾಚಿ ತೆಗೆದುಕೊಂಡಳು, ಅಷ್ಟೇ. ಅವನು ಬಾಗಿಲ ಬಳಿ ಕೂತು ಅವಳ ಉಸಿರನ್ನೇ ಗಮನಿಸುತ್ತಿದ್ದ.

ಭಾನುವಾರ ಅವಳು ಶಿವರಂಜಿನಿಯ ಜೊತೆ ಚರ್ಚಿಗೆ ಹೋದಳು. ಪೂಜೆ ಮುಗಿದ ಮೇಲೆ ಫಾದರ್ ಎದುರು ನಿಂತು ಒಂದೇ ಮಾತು ಕೇಳಿದಳು: "ನೀವು ಸೇರಬಹುದು ಅಂದ್ರಲ್ಲ ಫಾದರ್, ಅದಕ್ಕಿಂತ ಗಟ್ಟಿಯಾಗಿ ಹೇಳೋಕೆ ನಿಮ್ಮಿಂದ ಆಗತ್ತಾ?"

ಫಾದರ್ ಇನ್ನಾಸಪ್ಪ ತಲೆಯಾಡಿಸಿದರು. "ಆಗಲ್ಲಮ್ಮ. ನಿಮ್ಮ ಬಗ್ಗೆ, ನನ್ನ ಬಗ್ಗೇನೂ ಅದಕ್ಕಿಂತ ಗಟ್ಟಿಯಾಗಿ ಹೇಳೋ ಅಧಿಕಾರ ನಂಗಿಲ್ಲ. ದೇವರ ಕರುಣೆ ಮೇಲೆ ಭಾರ ಹಾಕೋದು, ಅಷ್ಟೇ."

ಮನೆಗೆ ಬಂದಾಗ ವಿಶ್ವಾರಾಧ್ಯ ಹೊಸ್ತಿಲಲ್ಲೇ ನಿಂತಿದ್ದ. ಅವಳು ಒಳಗೆ ಬಂದು ನೀರು ಕುಡಿದು, ಅವನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ನಂಗೆ ಭಯ ಹೋಗಿಲ್ಲ. ಹೋಗುತ್ತೆ ಅಂತ್ಲೂ ಅನ್ಸಲ್ಲ," ಎಂದಳು. "ಆದ್ರೆ ಅದು ನನ್ನ ಭಯ. ನಿಮ್ಮ ಕೊರಳಿಗೆ ಕಟ್ಟಲ್ಲ. ದೇವ್ರನ್ನ ನಾನೇ ದಿನಾ ಕೇಳ್ಕೋತೀನಿ. ನೀವು ಇನ್ನೊಂದ್ಸಲ ಸುಳ್ಳು ಹೇಳ್ಬೇಡಿ."

ಇಲ್ಲ ಎಂದ ಅವನು. ಅವಳ ಕೈ ಹಿಡಿದುಕೊಂಡ, ಅವಳು ಬಿಡಿಸಿಕೊಳ್ಳಲಿಲ್ಲ. ಅಕ್ಕನಿಗೆ ಇವತ್ತೇ ಫೋನ್ ಮಾಡಿ ನಿಜ ಹೇಳಿ, ಪಾಪ, ಎಷ್ಟು ಸಂಕಟಪಟ್ಟಿದ್ದಾರೋ ಎಂದಳು.

ಸೋಮವಾರದ ಬೆಳಿಗ್ಗೆ ಅವನು ನಡುಮನೆಯಲ್ಲೇ ಮಣೆ ಹಾಕಿಕೊಂಡು ಪೂಜೆಗೆ ಕೂತ. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಜಪಸರ ಹಿಡಿದಳು. ಪ್ರಾರ್ಥನೆಯಲ್ಲಿ ಅವಳ ಮನಸ್ಸು ನಿಲ್ಲಲಿಲ್ಲ. ನಡುನಡುವೆ ಕಣ್ಣು ತೆರೆದು ಅವನು ಅಲ್ಲೇ ಇದ್ದಾನೆಯೇ ಎಂದು ನೋಡುತ್ತಿದ್ದಳು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.