ಬೆಳಗಿನವರೆಗೆ ಓಡುವ ಲಿನಕ್ಸ್

ನಡುರಾತ್ರಿ ಕಳೆದ ಮೇಲೆ ಮುಂದಿನ ಕೋಣೆಯಿಂದ ಒಂದು ಸಣ್ಣ ಸದ್ದು ಕೇಳಿಸಿತು. ಟಪ್. ಅಷ್ಟೇ. ಕರಡು ತಿದ್ದುವವಳು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಇನ್ನೊಂದು ಸದ್ದಿಗಾಗಿ ಕಾದಳು. ಬರಲಿಲ್ಲ. ಕಿಟಕಿಯ ಚಿಲಕವೋ, ಒಣಗಿದ ಮೇಜಿನ ಹಲಗೆಯೋ ಇರಬೇಕು ಎಂದು ಹೊದಿಕೆ ಎಳೆದುಕೊಂಡಳು. ಎದ್ದು ಹೋಗಿ ನೋಡಬಹುದಿತ್ತು. ಆದರೆ ಈಗಷ್ಟೇ ಕಣ್ಣು ಮುಚ್ಚಿದ ಮಗುವಿನ ತೊಟ್ಟಿಲ ಬಳಿ ಹೋಗಲು ಹೆದರುವವರ ಹಾಗೆ, ಕೆಲಸಕ್ಕೆ ಹಚ್ಚಿಟ್ಟ ಲ್ಯಾಪ್‌ಟಾಪಿನ ಬಳಿ ರಾತ್ರಿ ಸುಳಿಯಲು ಅವಳಿಗೆ ಧೈರ್ಯವಿರಲಿಲ್ಲ.

ಬೆಳಿಗ್ಗೆ ನೋಡಿದರೆ ಪರದೆ ಕಪ್ಪು. ಜಪ್ಪಯ್ಯ ಅಂದರೂ ಏಳಲಿಲ್ಲ. ಅಂಚಿನ ಚಿಕ್ಕ ದೀಪ ಮಾತ್ರ ಮಿಣಕ್ ಮಿಣಕ್ ಎನ್ನುತ್ತಿತ್ತು. ಐದಕ್ಕೇ ಏಳುವ ತಾಯಿ ಆಗಲೇ ಮೇಜು ಒರೆಸಿ, ಲ್ಯಾಪ್‌ಟಾಪಿನ ದೂಳೂ ತೆಗೆದಿದ್ದಳು.

"ಎದ್ದಿತಾ?" ಅಡುಗೆಮನೆಯಿಂದ ತಾಯಿ ಕೇಳಿದಳು.

"ಇಲ್ಲಮ್ಮ. ಮತ್ತೆ ಅದೇ ರಾಗ."

"ಒಳ್ಳೇ ಕುಂಭಕರ್ಣನ್ನ ತಂದಿಟ್ಕೊಂಡಿದೀಯ ಕಣೆ."

ಏಳು ವರ್ಷದಿಂದ ಅವಳು ಬೇರೆಯವರ ಪುಸ್ತಕಗಳಲ್ಲಿ ತಪ್ಪು ಹೆಕ್ಕುತ್ತ ಬಂದವಳು. ಕರಡು ತಿದ್ದಿದವರ ಹೆಸರನ್ನು ಯಾರೂ ಎಲ್ಲಿಯೂ ಅಚ್ಚು ಹಾಕುವುದಿಲ್ಲ. ಈ ಸಲ ಮಾತ್ರ ಗಿಡಮೂಲಿಕೆಗಳ ಹಳೆಯ ಪುಸ್ತಕವೊಂದಕ್ಕೆ ಪದಸೂಚಿ ಮಾಡುವ ಕೆಲಸ ಸಿಕ್ಕಿತ್ತು. "ಕೊನೇ ಪುಟದಲ್ಲಿ ನಿಮ್ಮ ಹೆಸರು ಇರುತ್ತೆ" ಎಂದು ಸಂಪಾದಕಿ ತಾನಾಗಿಯೇ ಹೇಳಿದ್ದಳು. ಆ ಮಾತನ್ನು ಅವಳು ಯಾರಿಗೂ ಹೇಳದೆ, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತೆ ಇಟ್ಟುಕೊಂಡಿದ್ದಳು.

ಪುಸ್ತಕದ ಒಂಬೈನೂರು ಪುಟಗಳೂ ಬರೀ ಚಿತ್ರಗಳಾಗಿ ಬಂದಿದ್ದವು. ಮೊದಲು ಕಂಪ್ಯೂಟರು ಆ ಚಿತ್ರಗಳನ್ನು ಓದಿ ಅಕ್ಷರ ಮಾಡಿಕೊಡಬೇಕು. ಆಮೇಲೆ ಅವಳ ಕೆಲಸ. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ಆ ಓದು ಹತ್ತು ಗಂಟೆಯ ದುಡಿಮೆ. ಹಗಲಲ್ಲಿ ಬೇರೆ ಕರಡುಗಳಿರುತ್ತಿದ್ದವು, ಹಾಗಾಗಿ ರಾತ್ರಿಯೇ ಆಗಬೇಕು. ಕೊನೆಯ ಪುಟ ಮುಗಿಯುವವರೆಗೆ ಆ ಓದುವ ಪ್ರೋಗ್ರಾಮು ಒಂದಕ್ಷರವನ್ನೂ ಕೈಗೆ ಕೊಡುವುದಿಲ್ಲ. ನಡುವೆ ನಿಂತರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಲ್ಯಾಪ್‌ಟಾಪಿನಲ್ಲಿ ಮೊದಲಿದ್ದ ವ್ಯವಸ್ಥೆ ಮುದಿಯಾಗಿ, ಆ ಪ್ರೋಗ್ರಾಮನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಬೀದಿಯ ತುದಿಯ ರಿಪೇರಿಯವನು ಅದರ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿಕೊಳ್ಳಿ ಎಂದ. ಒಂದೇ ಹೆಸರು, ನೂರೆಂಟು ಬಗೆ. "ಚಪ್ಪಲಿ ಇದ್ದ ಹಾಗೆ ಅಕ್ಕಾ. ಹಾಕ್ಕೊಂಡು ನಡೀಬೇಕು. ಕಚ್ಚಿದ್ರೆ ಇನ್ನೊಂದು." ಬಣ್ಣದ ಚೀಟಿ ಅಂಟಿಸಿದ ಪೆನ್‌ಡ್ರೈವುಗಳನ್ನು ಒಂದೊಂದಾಗಿ ಕೊಟ್ಟಿದ್ದ.

ಹಸಿರು ಚೀಟಿಯದು ಹಗಲೆಲ್ಲ ಚೆನ್ನಾಗಿ ಓಡಿ ರಾತ್ರಿ ಸತ್ತಿತು. ಕಿತ್ತಳೆಯದಕ್ಕೆ ಮನೆಯ ವೈಫೈ ಕಾಣಲೇ ಇಲ್ಲ, ಕುರುಡನ ಮುಂದೆ ಕನ್ನಡಿ ಹಿಡಿದಂತೆ. ನೀಲಿ ಹಾಕಿದರೆ ಪರದೆ ಮಿಂಚುಹುಳದ ಹಾಗೆ ಮಿಣುಗುಟ್ಟಿತು. ಅದೊಂದನ್ನು ಸರಿಮಾಡಲು ಮೂರು ದಿನ ಹೋಯಿತು. ಸರಿಹೋದ ರಾತ್ರಿಯೇ ಅದೂ ಸತ್ತಿತು. ಈಗ ಬಿಳಿ ಚೀಟಿಯದು. ಪ್ರತಿ ಸಲ ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿ, ಪುಟಗಳನ್ನು ಮತ್ತೆ ತುಂಬಿಸಿ, ಮೊದಲಿನಿಂದ ಶುರು. ಗುಂಡಿ ಒತ್ತಿಹಿಡಿದು ಮತ್ತೆ ಚಾಲೂ ಮಾಡಿ, ಒಳಗಿನ ದಾಖಲೆ ನೋಡಿ, ಎಷ್ಟು ಗಂಟೆಗೆ ಸತ್ತಿತು ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: ಒಂದು ನಲವತ್ತು, ಎರಡು ಹತ್ತು, ಒಂದು ಐವತ್ತೈದು.

ಆ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಮತ್ತೆ ರಿಪೇರಿಯವನ ಬಳಿ ಹೋದಳು. ಅವನು ತಲೆ ಕೆರೆದುಕೊಂಡ.

"ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಹಾಕಿದೀರಿ ತಾನೆ? ಈ ಮಷೀನು ಲಿನಕ್ಸಲ್ಲಿ ಒಂದ್ಸಲ ನಿದ್ದೆಗೆ ಜಾರಿದ್ರೆ ಏಳಲ್ಲ ಅಂತ ಮೊದಲೇ ಹೇಳಿದ್ದೆ."

"ಹಾಕಿದೀನಿ. ಮೂರು ಸಲ ನೋಡಿದೀನಿ. ಎಷ್ಟು ಹೊತ್ತು ಮುಟ್ಟದೆ ಬಿಟ್ರೂ ಮಲಗಬಾರದು ಅಂತ."

"ಹಾಗಾದ್ರೆ ಬಿಸಿ. ಇಲ್ಲ ಒಳಗಿನ ಬೋರ್ಡೇ ಹೋಗಿರ್ಬೇಕು. ಚಪ್ಪಲಿ ಬದಲಾಯಿಸಿ ಸಾಕಾಯ್ತು ಅಕ್ಕಾ, ಇದು ಕಾಲಿನ ದೋಷ."

ಅವನು ನಕ್ಕ. ಅವಳಿಗೂ ನಗಬೇಕೆನಿಸಿತು, ಆಗಲಿಲ್ಲ.

ಮಧ್ಯಾಹ್ನ ಸಂಪಾದಕಿಯ ಫೋನು ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನೋಡಿ, ಮೂರು ಸಲ ದಿನ ಮುಂದೆ ಹಾಕಿದ್ವಿ. ಅಚ್ಚಿನ ಮನೆಯವರು ಕಾಯಲ್ಲ ಅಂತಿದಾರೆ. ಪದಸೂಚೀನ ಬೇರೆಯವರಿಗೆ ಕೊಟ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ, ಕರಡು ಮಾತ್ರ ನಿಮಗೇ."

"ಪರವಾಗಿಲ್ಲ ಮೇಡಂ" ಎಂದಳು. ಫೋನು ಇಟ್ಟ ಮೇಲೂ ಎರಡು ಸಲ ಅದನ್ನೇ ಹೇಳಿದಳು, ಗೋಡೆಗೆ.

ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಹತ್ತಿರ ಬಂದು ಮಗಳ ತಲೆ ನೇವರಿಸಿದಳು. "ನನ್ ಕೈಲಿ ಏನಾದ್ರೂ ಆಗೋದಿದ್ರೆ ಹೇಳೆ. ಅದರ ತಲೆಬುಡ ನನಗೆ ಗೊತ್ತಾಗಲ್ಲ."

ತಾಯಿ ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ಕಂಪೌಂಡರ್ ಆಗಿದ್ದವಳು. ಒಂದೇ ಒಂದು ಸಲ ಒಂದು ಸೀಸೆಗೆ ಇನ್ನೊಂದರ ಚೀಟಿ ಅಂಟಿಸಿದ್ದಳು. ಕೊಂಡವನೇ ಗುರುತಿಸಿ ವಾಪಸು ತಂದಿದ್ದ, ಯಾರಿಗೂ ಕೂದಲು ಕೊಂಕಲಿಲ್ಲ. ಆದರೂ ಅವಳು ಮರುತಿಂಗಳೇ ಕೆಲಸ ಬಿಟ್ಟಳು. ಅಂದಿನಿಂದ ಹಾಲು ಕಾಯಿಸುವಾಗಲೂ ಒಲೆಯ ಮುಂದಿಂದ ಕದಲಳು. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡುತ್ತಾಳೆ. ತನ್ನ ಕೈಯನ್ನು ತಾನೇ ನಂಬದ ಹೆಂಗಸು.

ಕೆಲಸ ಹೋಗಿತ್ತು, ಆದರೂ ಆ ರಾತ್ರಿ ಮಗಳು ಲ್ಯಾಪ್‌ಟಾಪಿಗೆ ಒಂಬೈನೂರು ಪುಟಗಳನ್ನು ಮತ್ತೊಮ್ಮೆ ಉಣಿಸಿದಳು. ಹೆಸರಿನ ಆಸೆಗಲ್ಲ. ಅದು ಹೇಗೆ ಸಾಯುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡದಿದ್ದರೆ ತನಗೆ ನಿದ್ದೆಯಿಲ್ಲ ಎಂದು ಗೊತ್ತಿತ್ತು. ದೀಪ ಆರಿಸಿ, ಬೀರುವಿನ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಳು. ಪರದೆಯ ಮೇಲೆ ಪುಟಸಂಖ್ಯೆ ಒಂದೊಂದಾಗಿ ಏರುತ್ತಿತ್ತು. ನೂರು. ಇನ್ನೂರು. ಬಿಸಿಯೂ ಇಲ್ಲ, ತಡವರಿಕೆಯೂ ಇಲ್ಲ. ಮುನ್ನೂರು ದಾಟಿತು. ಮಗುವಿನ ಜ್ವರ ಇಳಿಯುವುದನ್ನು ನೋಡುವವಳಂತೆ ಅವಳು ಮುಂದಕ್ಕೆ ಬಾಗಿದ್ದಳು.

ಎರಡು ಗಂಟೆಗೆ ಐದು ನಿಮಿಷವಿರುವಾಗ ಹಿಂದಿನ ಕೋಣೆಯಲ್ಲಿ ಬಳೆ ಸದ್ದಾಯಿತು. ತಾಯಿ ನೀರು ಕುಡಿಯಲು ಎದ್ದಿದ್ದಳು. ಅಡುಗೆಮನೆಗೆ ಹೋಗಿ, ನೀರು ಕುಡಿದು, ಗ್ಯಾಸಿನ ಗುಂಡಿ ಮುಟ್ಟಿ, ಬಿಂದಿಗೆಯ ಮುಚ್ಚಳ ಸರಿಮಾಡಿ, ಡಬ್ಬಿಗಳ ಮೇಲೆ ಕೈಯಾಡಿಸಿ ಮುಂದಿನ ಕೋಣೆಗೆ ಬಂದಳು. ಕತ್ತಲಲ್ಲಿ ಕೂತ ಮಗಳು ಅವಳಿಗೆ ಕಾಣಲಿಲ್ಲ. ನೇರ ಮೇಜಿನ ಬಳಿ ಹೋದಳು. ಮೂವತ್ತು ವರ್ಷ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದೊಂದೇ ಸೀಸೆಯ ಬಿರಡೆ ಒತ್ತುತ್ತ ಬಂದ ಆ ಕೈ, ತೆರೆದಿದ್ದ ಲ್ಯಾಪ್‌ಟಾಪಿನ ಮೇಲ್ಭಾಗವನ್ನು ಮೆಲ್ಲಗೆ ಕೆಳಗಿಳಿಸಿತು.

ಟಪ್.

"ಸಾಕು, ಮಲಕ್ಕೋ" ಎಂದು ಅದರ ಬೆನ್ನು ತಟ್ಟಿ, ತಾಯಿ ಮಲಗಲು ಹೋದಳು.

ಮಗಳು ಮುಚ್ಚಿದ ಲ್ಯಾಪ್‌ಟಾಪನ್ನೇ ನೋಡಿದಳು. ಅಂಚಿನ ಚಿಕ್ಕ ದೀಪ ಮಿಣಕ್ ಎನ್ನಲು ಶುರುಮಾಡಿತು. ತಾನಾಗಿ ಮಲಗಬಾರದು ಎಂದು ಅವಳು ಮೂರು ಸಲ ನೋಡಿ ಹಾಕಿದ್ದಳು. ಮುಚ್ಚಿದರೂ ಅದು ನಿದ್ದೆಗೆ ಜಾರುತ್ತದೆ, ಆ ಸೆಟ್ಟಿಂಗನ್ನು ನೋಡಿರಲಿಲ್ಲ. ಮುಚ್ಚುವವರು ಯಾರಿದ್ದಾರೆ ಮನೆಯಲ್ಲಿ? ಬೆಳಿಗ್ಗೆ ಐದಕ್ಕೆ ಅದೇ ಕೈ ಅಂಗಡಿ ಬಾಗಿಲು ತೆರೆದಂತೆ ಅದನ್ನು ತೆರೆದು, ಒರೆಸಿ, ಅಣಿಮಾಡಿ ಇಡುತ್ತಿತ್ತು. ಹಸಿರು ಚೀಟಿಯದೇ ಸಾಕಾಗುತ್ತಿತ್ತು. ಮೊದಲ ರಾತ್ರಿಯೇ ಕೆಲಸ ಮುಗಿಯುತ್ತಿತ್ತು.

ಬೆಳಗಾಗುವವರೆಗೂ ಅವಳು ಆ ಕುರ್ಚಿಯಿಂದ ಏಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಮನಸ್ಸಿನಲ್ಲೇ ಕಂಡಳು. ತಾಯಿ ಮೇಜಿನಿಂದ ಕೈ ಹಿಂದೆಗೆಯುತ್ತಾಳೆ. ಆಮೇಲೆ ಈ ಮನೆಯ ಒಂದು ಡಬ್ಬಿಯನ್ನೂ ಮುಟ್ಟುವುದಿಲ್ಲ.

ಐದು ಗಂಟೆಗೆ ತಾಯಿ ಬಂದು ದೀಪ ಹಾಕಿದಳು. "ಅಯ್ಯೋ, ಇಲ್ಲೇ ಕೂತಿದ್ಯಾ? ರಾತ್ರಿಯೆಲ್ಲಾನಾ?"

"ಈಗಷ್ಟೇ ಎದ್ದು ಬಂದೆ."

ತಾಯಿ ಲ್ಯಾಪ್‌ಟಾಪ್ ತೆರೆದು, ಸೆರಗಿನ ತುದಿಯಿಂದ ಪರದೆ ಒರೆಸಿ, ಮಗಳ ಮುಖ ನೋಡಿದಳು. "ಇವತ್ತಾದ್ರೂ ಎದ್ದಿತಾ?"

ಸಂಪಾದಕಿಗೆ, ಅಣ್ಣನಿಗೆ, ರಿಪೇರಿಯವನಿಗೆ ಕೊಡಬೇಕಾದ ಉತ್ತರ ಆ ಹೊತ್ತಿಗೆ ತೀರ್ಮಾನವಾಗಿತ್ತು. ಎಲ್ಲರಿಗೂ ಒಂದೇ.

"ಇಲ್ಲಮ್ಮ" ಎಂದಳು. "ಬೋರ್ಡೇ ಹೋಗಿದೆಯಂತೆ."