ಲಾರಿ ತಿರುಗುವ ಜಾಗ

ಜೆಸಿಬಿಗೆ ಗಂಟೆಗೆ ಏಳುನೂರು. ಗುಂಡಿ ತೋಡಿದರೂ ಏಳುನೂರು, ತೋಡದೆ ಗುರುಗುಟ್ಟುತ್ತ ನಿಂತರೂ ಏಳುನೂರು. ತಮಟೆಯವರಿಗೆ ಸಾವಿರ, ಅವರು ಕುಡಿಯುವುದಕ್ಕೆ ಬೇರೆ. ಬಿಡದಿಯಿಂದ ತರಿಸಿದ ಹೂವಿನ ಹಾರಗಳಿಗಂತೂ ಮದುವೆ ಕಾಲದ ರೇಟು. ಗಂಡ ಅಂಕಯ್ಯನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಬೈರಮ್ಮ ಅತ್ತು ಅತ್ತು ಸಾಕಾಗಿ, ಈಗ ಆ ಮಿಷನ್ನಿನ ಸದ್ದನ್ನೇ ಕೇಳುತ್ತಿದ್ದಳು. ಅಂಕಯ್ಯ ಎದ್ದು ಕೂರುವಂತಿದ್ದರೆ ಮೊದಲು ಅದನ್ನು ಆಫ್ ಮಾಡಿಸುತ್ತಿದ್ದ.

“ಲೇ ಕೆಂಪರಾಜು,” ಎಂದು ಮಗನನ್ನು ಕರೆದಳು. “ಅದನ್ನ ನಿಲ್ಸಕ್ಕೆ ಹೇಳ್ಲಾ. ಎಲ್ಲಿ ತೋಡ್ಬೇಕು ಅಂತ ನೀವಿನ್ನೂ ಮಾತಾಡಿ ಮುಗಿಸಿಲ್ಲ, ಡೀಸೆಲ್ ಸುಮ್ನೆ ಉರೀತಾ ಐತೆ.”

ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಗಂಡ ಹೋದ್ರೂ ನಿನ್ ಲೆಕ್ಕಾಚಾರ ಹೋಗ್ನಿಲ್ವಲ್ಲೇ ಬೈರಿ!”

“ಅವ್ರೇ ಕಲ್ಸಿದ್ದು ಕಣಕ್ಕ,” ಎಂದಳು ಬೈರಮ್ಮ. ಅತ್ತು ಕೆಂಪಾಗಿದ್ದ ಕಣ್ಣಲ್ಲೇ ಒಂದು ಚೂರು ನಗು ಬಂತು.

ಹೊರಗೆ ಚಪ್ಪರದ ಕೆಳಗೆ ಜಗಳ ನಡೆದೇ ಇತ್ತು. ಮನೆಯ ಎದುರಿಗೇ, ಬೈರಮಂಗಲದ ರಸ್ತೆಗೆ ಅಂಟಿಕೊಂಡ ಅಂಕಯ್ಯನ ಎರಡೆಕರೆ ಹೊಲದಲ್ಲಿ ಈಗ ರಾಗಿ ಬೆಳೆಯುತ್ತಿರಲಿಲ್ಲ, ಲಾರಿಗಳು ನಿಲ್ಲುತ್ತಿದ್ದವು. ಕಾರ್ಖಾನೆಗಳ ಗೇಟಿನಲ್ಲಿ ಸರದಿ ಬರುವ ತನಕ ಕಾಯುವ ಲಾರಿಗಳು. ಹೊಲದ ನಡುವೆ ಅಂಕಯ್ಯನ ಅಪ್ಪನನ್ನು ಹೂತ ಗುಡ್ಡೆ, ಅಂದರೆ ಸುಣ್ಣ ಬಳಿದ ಒಂದು ಕಲ್ಲು. ಅದರ ಪಕ್ಕದಲ್ಲಿ ಲಾರಿ ತಿರುಗುವಷ್ಟು ಖಾಲಿ ಜಾಗ.

“ನಮ್ಮಪ್ಪನ ಮಗ್ಗುಲಲ್ಲೇ ಆಗ್ಬೇಕು,” ಎಂದು ಅಂಕಯ್ಯನ ತಮ್ಮ ಕೃಷ್ಣಪ್ಪ ಟವೆಲು ಕೊಡವಿದ. “ಸ್ವಂತ ಹೊಲ ಮಡಿಕ್ಕೊಂಡು ಊರ ಮಶಾಣದಾಗೆ ಹೂಳಕ್ಕೆ ನಮ್ಮಣ್ಣನೇನು ಗತಿ ಇಲ್ದೋನಾ?”

“ಚಿಕ್ಕಪ್ಪ, ಒಸಿ ಕೇಳು,” ಎಂದ ಕೆಂಪರಾಜು. “ಮಶಾಣವೇ ಆಗ್ಲಿ. ಹಳೇ ಗುಡ್ಡೆಯಾದ್ರೆ ಪೂಜೆ ಮಾಡ್ಸಿ ಮೂಲೆಗೆ ತಗೊಂಡೋಗ್ಬೋದು ಅಂದವ್ರೆ. ಹೊಸ್ದಾಗಿ ಹೂತ್ರೆ ಯಾವ ಪಾರ್ಟೀನೂ ಮುಟ್ಟಕಿಲ್ಲ.”

ಪಾರ್ಟಿ ಎಂದರೆ ಬೆಂಗಳೂರಿನವನು. ಪೂರಾ ಹೊಲವನ್ನು ಗೋಡೌನಿಗೆ ಕೇಳುತ್ತಿದ್ದ. ಕೈತುಂಬ ಮುಂಗಡ, ತಿಂಗಳು ತಿಂಗಳು ಬಾಡಿಗೆ. ಕೆಂಪರಾಜು ಕಾರ್ಖಾನೆಯಲ್ಲಿ ಕಾಂಟ್ರಾಕ್ಟಿನವನು, ಈ ತಿಂಗಳ ಕೆಲಸ ಮುಂದಿನ ತಿಂಗಳಿಗೆ ಇರುತ್ತದೆಂದು ಹೇಳುವ ಹಾಗಿಲ್ಲ. ಅವನ ಆಸೆಯಲ್ಲಿ ತಪ್ಪಿರಲಿಲ್ಲ.

“ಅವ್ವನಿಗೂ ಸುಖ ಆಯ್ತದೆ,” ಎಂದ. “ಇನ್ನಾದ್ರೂ ಆ ಟೀ ಅಂಗ್ಡಿ ಹೊಗೇಲಿ ಬೇಯೋದು ತಪ್ತದೆ.”

ಒಳಗೆ ಕೂತ ಬೈರಮ್ಮನಿಗೆ ಮಾತೆಲ್ಲ ಕೇಳಿಸುತ್ತಿತ್ತು. ಗೋಡೌನು ಬಂದರೆ ಆ ಹೊಲದಲ್ಲೇ ಇದ್ದ ಅವಳ ಟೀ ಅಂಗಡಿ ಹೋಯಿತು. ಬೆಳಗಾಗೆದ್ದು ಹಚ್ಚುವುದಕ್ಕೆ ಒಲೆಯಿಲ್ಲ, ಬೈಯುವುದಕ್ಕೆ ಡ್ರೈವರುಗಳಿಲ್ಲ. ಆ ಸುಖ ನಿನಗೆ ಬೇಕಾ ಎಂದು ಮಾತ್ರ ಅವಳನ್ನು ಯಾರೂ ಕೇಳಿರಲಿಲ್ಲ.

*

ಅದು ವರ್ಷಗಳ ಹಿಂದೆ, ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಒಂದು ಮುಂಜಾನೆ ಅಂಕಯ್ಯ ಹೋಗಿ ನೋಡಿದರೆ, ತೆನೆ ಕಟ್ಟುತ್ತಿದ್ದ ರಾಗಿಯ ಮೇಲೆ ಒಂದು ಹದಿನಾರು ಚಕ್ರದ ಲಾರಿ ನಿಂತಿತ್ತು. ರಸ್ತೆಯಲ್ಲಿ ತಿರುಗಿಸಲು ಜಾಗವಿಲ್ಲದೆ ಡ್ರೈವರ್ ಹೊಲಕ್ಕೇ ಇಳಿಸಿಬಿಟ್ಟಿದ್ದ. ಅಂಕಯ್ಯ ದೊಣ್ಣೆ ಹಿಡಿದು ಓಡಿದ. ಬೈರಮ್ಮ ಸೆರಗು ಬಿಗಿದು ಹಿಂದೆಯೇ ಓಡಿದಳು, ಗಂಡನ ಕೈಯಿಂದ ಕೊಲೆಯಾಗದ ಹಾಗೆ ತಡೆಯಬೇಕಲ್ಲ.

ಅವಳು ಹೋಗುವಷ್ಟರಲ್ಲಿ ದೊಣ್ಣೆ ನೆಲದ ಮೇಲಿತ್ತು. ತಮಿಳುನಾಡಿನ ನಾಮಕ್ಕಲ್ಲಿನ ಆ ಡ್ರೈವರ್ ಮೂರು ದಿನದಿಂದ ರಸ್ತೆಯ ಅಂಚಿನಲ್ಲೇ ಇದ್ದನಂತೆ. ಸ್ನಾನವಿಲ್ಲ, ಸರಿಯಾದ ಊಟವಿಲ್ಲ, ನಿಂತಲ್ಲೆಲ್ಲ ಪೊಲೀಸರ ಕಾಟ. ಅಂಕಯ್ಯ ಅವನನ್ನು ಪಂಪ್‌ಸೆಟ್ಟಿನ ನೀರಿಗೆ ನಿಲ್ಲಿಸಿ, ಮನೆಯಿಂದ ಮುದ್ದೆ ತರಲು ಹೇಳಿದ.

“ರಾಗಿ ತುಳ್ದೋನಿಗೆ ರಾಗಿ ಮುದ್ದೆನಾ?” ಎಂದು ಬೈರಮ್ಮ ಕೂಗಾಡಿದಳು.

“ಲಾರಿ ನಮ್ ಹೊಲ ಹೆಂಗೂ ತುಳೀತದೆ ಕಣೆ, ಇವತ್ತಲ್ದಿದ್ರೆ ನಾಳೆ,” ಎಂದ ಅಂಕಯ್ಯ. “ಬಾಡ್ಗೆ ಕೊಟ್ಟು ತುಳೀಲಿ.”

ಮುಂದಿನ ವರ್ಷ ಅರ್ಧ ಹೊಲ ಬಿತ್ತಲಿಲ್ಲ. ಅದರ ಮುಂದಿನ ವರ್ಷ ಪೂರಾ ಬಿತ್ತಲಿಲ್ಲ. ಜಲ್ಲಿ ಹೊಡೆಸಿದ, ಸ್ನಾನದ ತೊಟ್ಟಿ ಕಟ್ಟಿಸಿದ, ಹೆಂಡತಿಗೆ ಶೀಟಿನ ಅಂಗಡಿ ಹಾಕಿಕೊಟ್ಟ. ಎಷ್ಟೇ ಲಾರಿ ಬಂದರೂ ನಡುವಿನ ಜಾಗದಲ್ಲಿ ಒಂದನ್ನೂ ನಿಲ್ಲಿಸಗೊಡಲಿಲ್ಲ.

“ಇನ್ನೂ ನಾಕು ಲಾರಿ ಹಿಡಿಸ್ತದಲ್ಲ,” ಎಂದಿದ್ದಳು ಬೈರಮ್ಮ.

“ಒಳಗ್ ಬಂದದ್ದು ಸಲೀಸಾಗಿ ತಿರುಗ್ಕೊಂಡು ಹೋಗ್ಬೇಕು. ಇಲ್ಲಿ ಸಿಕ್ಕಾಕ್ಕೊಂಡೋನು ಎರಡ್ನೇ ಸಲ ಬರಕಿಲ್ಲ.”

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆಂಟರು ಊಟ ತರುವ ಮೊದಲೇ ಹೊಲದಲ್ಲಿ ಡ್ರೈವರುಗಳ ಸೀಮೆಎಣ್ಣೆ ಸ್ಟವ್ವುಗಳು ಉರಿದವು. ಹೊಲದ ಗೇಟಿನ ಪಕ್ಕ ಪಂಚರ್ ಅಂಗಡಿ ಇಟ್ಟಿದ್ದ ಮುನಾವರ್ ದೊಡ್ಡ ಪಾತ್ರೆಯಲ್ಲಿ ಅನ್ನ, ಸಾರು ಹೊರಿಸಿಕೊಂಡು ಬಂದ.

“ಅಕ್ಕ, ಒಂದು ತುತ್ತು ತಿನ್ನಿ. ತಮಿಳ್ರ ಸಾರು, ಹುಳಿ ಜಾಸ್ತಿ. ಅಂಕಣ್ಣ ಆಗಿದ್ರೆ ಬೈಕೊಂಡೇ ಎರಡು ಸಲ ಹಾಕಿಸ್ಕೊಳೋರು.”

ಬೈರಮ್ಮ ತಟ್ಟೆ ಹಿಡಿದು ಕೂತಳು. ಹೊರಗೆ ಕೃಷ್ಣಪ್ಪನ ದನಿ ಏರಿತ್ತು. ಅವಳಿಗೆ ಕಳೆದ ಯುಗಾದಿಯ ಹೊತ್ತಿನ ಒಂದು ಮಾತು ನೆನಪಾಯಿತು.

*

ಅವತ್ತು ಪಾರ್ಟಿಯವನು ಕಾರಿನಲ್ಲಿ ಬಂದು, ಅವಳ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ರೇಟು ಹೇಳಿದ್ದ. ಅಂಕಯ್ಯ ಪೂರ್ತಿ ಕೇಳಿಸಿಕೊಂಡ.

“ಒಳ್ಳೇ ರೇಟೇ ಸಾ. ಆದ್ರೆ ಗೋಡೌನಿಗೆ ಮಾಲು ಬತ್ತದೆ, ಜನ ಬರಕಿಲ್ವಲ್ಲ. ಬೀಗ ನೋಡ್ಕೊಂಡು ನಾನೇನು ಮಾಡ್ಲಿ?”

ಪಾರ್ಟಿಯವನು ನಕ್ಕ. ಅಂಕಯ್ಯ ಹೆಂಡತಿಯ ಕಡೆ ತಿರುಗಿ, “ನೀನೇನಂತೀಯೆ?” ಎಂದ.

“ನನ್ನ ಯಾಕ್ ಕೇಳೀರಿ? ಹೊಲ ನಿಮ್ದು.”

“ಹೊಲ ನಂದು. ಒಲೆ ನಿಂದಲ್ವಾ?”

ಅವಳು ಪಾರ್ಟಿಯವನಿಗೆ ಇನ್ನೊಂದು ಟೀ ಕೊಟ್ಟಿದ್ದಳು. ಅದಕ್ಕೂ ದುಡ್ಡು ಇಸಿದುಕೊಂಡಿದ್ದಳು. ಅದೇ ಉತ್ತರವಾಗಿತ್ತು.

*

ಬೈರಮ್ಮ ತಟ್ಟೆ ಕೆಳಗಿಟ್ಟು ಎದ್ದು ಹೊರಗೆ ಬಂದಳು. ಚಪ್ಪರದವರು ಅವಳ ಕಡೆ ತಿರುಗಿದರು.

“ಮಶಾಣಕ್ಕೆ ಬ್ಯಾಡ. ಮಧ್ಯಕ್ಕೂ ಬ್ಯಾಡ,” ಎಂದಳು. “ಗೇಟ್ ತಾವ ತೋಡ್ಸಿ.”

ಕೃಷ್ಣಪ್ಪ ಬಾಯಿ ಬಿಟ್ಟ. “ಬಾಗ್ಲಲ್ಲಿ ಯಾರಾದ್ರೂ ಹೂಳ್ತಾರಾ ಅತ್ಗೆ? ನಮ್ಮಪ್ಪ ಅಲ್ಲಿ ಒಬ್ನೇ ಆಗ್ಬುಡ್ತಾನೆ.”

“ನಿಮ್ಮಪ್ಪನ ಮಗ್ಗುಲಿಗೆ ಇನ್ನೊಂದು ಗುಡ್ಡೆ ಬಂದ್ರೆ ಲಾರಿ ತಿರುಗಕಿಲ್ಲ ಕೃಷ್ಣಪ್ಪ. ತಿರುಗದಿದ್ರೆ ಬರಕಿಲ್ಲ. ನಿಮ್ಮಣ್ಣನಿಗೆ ಅದು ಒಪ್ತದಾ, ನೀನೇ ಹೇಳು.”

ಮಾತು ಕೆಂಪರಾಜುವಿನದಾಯಿತು.

“ಅವ್ವ, ಗೇಟಲ್ಲಿ ಮಾಡುದ್ರೆ ಪಾರ್ಟಿ ಈ ಕಡೆ ತಲೆ ಹಾಕಕಿಲ್ಲ.”

“ಗೊತ್ತು ಕಣ್ಮಗ.”

“ಗೊತ್ತಿದ್ದೂ ಹೇಳ್ತಿದ್ದೀಯಾ?”

“ಗೊತ್ತಿದ್ದೇ ಹೇಳ್ತಿವ್ನಿ. ನಂಗೆ ಕೂತು ತಿನ್ನೋ ಸುಖ ಬ್ಯಾಡ. ಸಂಜೆ ಆದ್ರೆ ಮಾತಾಡಕ್ಕೆ ನಾಕು ಜನ ಬೇಕು. ನಾನಿರಗಂಟ ಒಲೆ ಉರೀಲಿ. ಕಾಂಟ್ರಾಕ್ಟು ತಪ್ಪಿದ ದಿನ ನೀನೂ ಬಂದು ಗೇಟಲ್ಲಿ ಕೂತ್ಕೊ, ಹೊಟ್ಟೆಗೇನು ಮೋಸ ಆಗಕಿಲ್ಲ.”

ಕೆಂಪರಾಜು ಲಾರಿಗಳ ಕಡೆ ನೋಡಿದ. ಆಮೇಲೆ ಮೂಗು ಒರೆಸಿಕೊಂಡು, “ಸತ್ ಮೇಲೂ ಅಪ್ಪನ್ನ ವಾಚ್‌ಮನ್ ಕೆಲಸಕ್ಕೆ ಹಾಕ್ಬುಟ್ಟಲ್ಲವ್ವ,” ಎಂದ. ಯಾರೋ ಕಿಸಕ್ಕೆಂದರು. ಕೃಷ್ಣಪ್ಪನೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ ತಿಳಿಯಲಿಲ್ಲ.

ಗೇಟಿನ ಪಕ್ಕ ಮುನಾವರನ ಹಳೆ ಟೈರುಗಳ ರಾಶಿ ಇತ್ತು. ಯಾರೂ ಹೇಳುವ ಮೊದಲೇ ಅವನು ಒಂದೊಂದನ್ನೇ ಉರುಳಿಸಿ ದೂರಕ್ಕೆ ಸರಿಸಿ ಜಾಗ ಮಾಡತೊಡಗಿದ.

“ನಿನ್ ಅಂಗ್ಡಿಗೆ ತೊಂದ್ರೆ ಆಯ್ತಲ್ಲಪ್ಪ,” ಎಂದಳು ಬೈರಮ್ಮ.

“ಅಂಗ್ಡಿ ಹಾಕಕ್ಕೆ ಜಾಗ ಕೊಟ್ಟೋರೇ ಅವ್ರು. ಈಗ ಒಂದಾಳು ಜಾಗ ಕೇಳುದ್ರೆ ಇಲ್ಲ ಅನ್ನಕ್ಕಾಯ್ತದಾ ಅಕ್ಕ?”

ಜೆಸಿಬಿ ಮತ್ತೆ ಗುಡುಗಿತು. ತಲೆ ದಕ್ಷಿಣಕ್ಕೆ ಬರುವಂತೆ ಗುಂಡಿಯಾಯಿತು. ತಮಟೆ ಬಡಿಯುತ್ತ, ಪುರಿ ಎರಚುತ್ತ ಅಂಕಯ್ಯನನ್ನು ಹೊಲದ ಸುತ್ತ ಒಂದು ಸುತ್ತು ತಂದರು. ಲಾರಿಗಳ ಸಾಲು ದಾಟುವಾಗ ಡ್ರೈವರುಗಳು ತಲೆಯ ವಸ್ತ್ರ ತೆಗೆದು ನಿಂತರು. ಮಗ ಮೊದಲ ಹಿಡಿ ಮಣ್ಣು ಹಾಕಿದ, ಆಮೇಲೆ ತಮ್ಮ, ಆಮೇಲೆ ನೆಂಟರು. ಎಲ್ಲರ ನಂತರ ಮುನಾವರನೂ ಡ್ರೈವರುಗಳೂ ಸಾಲಾಗಿ ಬಂದು ಒಂದೊಂದು ಹಿಡಿ ಹಾಕಿದರು.

ಸಂಜೆಗೆ ನೆಂಟರು ಬಸ್ಸು ಹಿಡಿದು ಹೊರಟರು. ಪಾರ್ಟಿಯವನಿಗೆ ಕೆಂಪರಾಜುವೇ ಫೋನು ಮಾಡಿ ವಿಷಯ ಹೇಳಿದ. ಆ ಕಡೆಯವನು ಸಮಾಧಾನದ ಎರಡು ಮಾತಾಡಿ, ಬೇರೆ ಜಾಗ ನೋಡಿಕೊಳ್ಳುತ್ತೇನೆಂದು ಫೋನಿಟ್ಟ. ಗೋಡೌನು ಹೋಯಿತು, ಮುಂಗಡ ಹೋಯಿತು. ಹೊಲ ಉಳಿಯಿತು, ಬೈರಮ್ಮನ ಒಲೆ ಉಳಿಯಿತು.

ಕತ್ತಲಾಗುವ ಮುಂಚೆ ಒಂದು ಲಾರಿಗೆ ಕಾರ್ಖಾನೆಯಿಂದ ಕರೆ ಬಂತು. ಹೊಸ ಗುಡ್ಡೆಯಿಂದ ಗೇಟು ಇಕ್ಕಟ್ಟಾಗಿತ್ತು. ಡ್ರೈವರ್ ಇಂಜಿನ್ ಚಾಲು ಮಾಡಿದವನು ಮುಂದೆ ಬಿಡಲು ಹೆದರಿ ಅಲ್ಲೇ ನಿಂತ. ಬೈರಮ್ಮ ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಹೋಗಿ, ಅವನಿಗೆ ಕಾಣುವ ಹಾಗೆ ನಿಂತು ಕೈ ಎತ್ತಿದಳು.

“ಬಾ... ಬಾ... ಒಸಿ ಬಲಕ್ಕೆ ಬಾ... ಹೆದರ್ಬೇಡ ಕಣ್ಲಾ, ನಾನಿವ್ನಿ. ಬಾ...”

ಲಾರಿ ಇಂಚಿಂಚಾಗಿ ಜಾರಿ ರಸ್ತೆಗೆ ಬಂತು. ಹಿಂದಿನ ಚಕ್ರ ಹಸಿಮಣ್ಣಿಗೆ ಒಂದು ಗೇಣು ದೂರದಲ್ಲಿ ಉರುಳಿ ಹೋಯಿತು. ಗುಡ್ಡೆಯ ಅಂಚಿನ ಒಂದು ಹೆಂಟೆಯೂ ಉದುರಲಿಲ್ಲ.